ಖೋಖೋ ಆಡಲು ಗಟ್ಟಿ ನೆಲ ಬೇಕು: ಊರವರಲ್ಲಿ ನಮ್ಮ ಶಾಲೆಯ ಮನವಿ

ಊರಿನ ಹಿರಿಯರಿಗೆ, ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಯಲ್ಲಿ ದುಡಿಯುತ್ತಿರುವ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರವಾಗಿ ಶರಣು ಶರಣಾರ್ಥಿ.

ಚಿತ್ತಾಪುರ ತಾಲ್ಲೂಕಿನ ಎರೆಮಣ್ಣು ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ. ತೊಗರಿಗೆ ಬಂಗಾರ, ಓಡುವ ಮಕ್ಕಳಿಗೆ ಕಾಟ. ಮಳೆಗಾಲದಲ್ಲಿ ಮೈದಾನ ದಾಟಿ ಬಂದ ಮಗುವಿನ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿರುತ್ತದೆ. ಅದಕ್ಕೇ ಬಾಗಿಲ ಬಳಿ ಒಡೆದ ಶಹಾಬಾದ್ ಕಲ್ಲೊಂದನ್ನು ನೆಟ್ಟಿದ್ದೇವೆ. ಅದರ ಅಂಚಿಗೆ ಕಾಲು ಉಜ್ಜಿಯೇ ಒಳಗೆ ಬರಬೇಕು. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕಳೆದ ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ಖೋಖೋ ಆಡುವಾಗ ಪಾದ ಬಿರುಕಿಗೆ ಸಿಕ್ಕಿ ಬಿದ್ದಳು. ಕಾಲು ಉಳುಕಿ ಹದಿನೈದು ದಿನ ಶಾಲೆ ತಪ್ಪಿತು. ವಾಸಿಯಾದ ಮೇಲೂ ಅವರವ್ವ ಆಟಕ್ಕೆ ಬಿಡಲಿಲ್ಲ. "ಓದಲಾಕ ಕಳ್ಸೀವ್ರಿ, ಕಾಲ್ ಮುರ್ಕೊಳ್ಳಲಾಕಲ್ಲ" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವಂತೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಾಲದಲ್ಲಿ ಇದನ್ನು ಯಾರು ಲೆಕ್ಕ ಇಡುತ್ತಿದ್ದರು? ಹೊಲಕ್ಕೆ ಬುತ್ತಿ ಒಯ್ದು, ಎಮ್ಮೆ ಕಾಯ್ದು, ಲಗೋರಿ ಆಡುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಈಗ ಸಂಜೆ ಕಟ್ಟೆಯ ಮೇಲೆ ಒಂದು ಮೊಬೈಲಿಗೆ ಐದು ತಲೆ. ಕಿತ್ತುಕೊಳ್ಳೋದು ಸುಲಭ, ಆಮೇಲೆ ಎಲ್ಲಿಗೆ ಕಳಿಸೋದು? ಹುಡುಗರು ರಸ್ತೆಯಲ್ಲಾದರೂ ಕ್ರಿಕೆಟ್ ಆಡುತ್ತಾರೆ. ಹೆಣ್ಣುಮಕ್ಕಳಿಗೆ ಶಾಲೆ ಬಿಟ್ಟರೆ ಓಡಲು ಬೇರೆ ಜಾಗವೇ ಇಲ್ಲ.

ಖೋಖೋಗೆ ಬ್ಯಾಟು, ಬಾಲು ಬೇಡ. ಎರಡು ಕಂಬ, ಸುಣ್ಣದ ಗೆರೆ, ಜಾರದ ನೆಲ ಇದ್ದರೆ ಆಯ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ನಮ್ಮ ದೇಶದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಚೈತ್ರಾ ಇದ್ದರಲ್ವಾ? ಅವರ ಫೋಟೊ ನಮ್ಮ ಆರನೇ ತರಗತಿಯ ಗೋಡೆ ಮೇಲಿದೆ. ಮಕ್ಕಳೇ ಪೇಪರಿನಿಂದ ಕತ್ತರಿಸಿ ಅಂಟಿಸಿದ್ದು.

ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಎರೆಮಣ್ಣಿನ ಮೇಲೆ ಮುರುಮ್ (ಗಟ್ಟಿಯಾಗಿ ಕೂರುವ ಗರಸು ಮಣ್ಣು) ಸುಮ್ನೆ ಸುರಿದರೆ ಒಂದೇ ಮಳೆಗೆ ಕೆಸರಲ್ಲಿ ಕಲಸಿಹೋಗುತ್ತದೆ. ಹಾಗಾಗಿ ಅರ್ಧ ಅಡಿ ಮಣ್ಣು ತೆಗೆದು, ಒಂದು ಅಡಿ ಮುರುಮ್ ತುಂಬಿ, ನೀರು ಹಾಕಿ ರೋಲರ್ ಓಡಿಸಬೇಕು. ಆಗ ನೆಲ ಅರ್ಧ ಅಡಿ ಎತ್ತರ ನಿಲ್ಲುತ್ತದೆ, ನೀರು ಹರಿದುಹೋಗುತ್ತದೆ. ತೆಗೆದ ಎರೆಮಣ್ಣು ಸುತ್ತ ನೆಡುವ ಬೇವಿನ ಸಸಿಗಳಿಗೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, ನೆರಳಿಲ್ಲದೆ ಆಗದು.

ಸುಮಾರು 50 ಟ್ರಾಲಿ ಮುರುಮ್ ಬೇಕು. ನಮಗೆ ಹೇಳಿದ ದರ ಟ್ರಾಲಿಗೆ 1,800 ರೂಪಾಯಿ, ಅಂದರೆ 90,000. ಜೆಸಿಬಿ, ರೋಲರ್, ಕಂಬ, ಸಸಿ, ಅವಕ್ಕೆ ಬೇಲಿ ಎಲ್ಲ ಸೇರಿ ಇನ್ನೊಂದು 35,000. ಒಟ್ಟು 1,25,000 ರೂಪಾಯಿ. ಶಾಲೆಗೆ ದೈಹಿಕ ಶಿಕ್ಷಕರಿಲ್ಲ. ಪೊಲೀಸ್ ಭರ್ತಿಗೆ ಅಂತ ಬೆಳಗಿನ ಜಾವ ರಸ್ತೆಯಲ್ಲಿ ಓಡುವ ನಮ್ಮೂರ ಇಬ್ಬರು ಹುಡುಗರು ದಿನಾ ಪ್ರಾರ್ಥನೆಗೆ ಮುಂಚೆ ಒಂದು ತಾಸು ಮಕ್ಕಳಿಗೆ ಕಲಿಸಲು ಒಪ್ಪಿದ್ದಾರೆ. ದುಡ್ಡು ಬೇಡ ಅಂದಿದ್ದಾರೆ.

ಒಂದು ಟ್ರಾಲಿ ಮುರುಮಿನ ದುಡ್ಡು ಕೊಡಿ, ಇಲ್ಲವೇ ನಾಲ್ಕು ಜನ ಸೇರಿ ಒಂದು ಟ್ರಾಲಿ ಕೊಡಿ. ದುಡ್ಡೇ ಬೇಕೆಂದಿಲ್ಲ. ಟ್ರ್ಯಾಕ್ಟರ್ ಇದ್ದವರು ಎರಡು ಖೇಪು ಹಾಕಿಕೊಟ್ಟರೂ ದೊಡ್ಡದು. ಮೇ ತಿಂಗಳಲ್ಲೇ ಕೆಲಸ ಮುಗಿಯಬೇಕು. ಜೂನ್ ಮೊದಲಿನ ಮಿರಗದ (ಮೃಗಶಿರಾ) ಮಳೆ ಬಿತ್ತೆಂದರೆ ಟ್ರ್ಯಾಕ್ಟರ್ ಬಿತ್ತನೆಗೆ ಹೋಗುತ್ತವೆ, ನಾವು ಮತ್ತೆ ಒಂದು ವರ್ಷ ಕಾಯಬೇಕು.

ಹಣವನ್ನು ಮುಖ್ಯ ಗುರುಗಳು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆಗೇ ಹಾಕಿ, ಯಾರ ಕೈಗೂ ಕೊಡಬೇಡಿ. ಖಾತೆ ಸಂಖ್ಯೆ ಶಾಲೆಯಲ್ಲಿ ಸಿಗುತ್ತದೆ. ರಶೀದಿ ಕೇಳಿ ಪಡೆಯಿರಿ. ಖರ್ಚಿನ ಪಟ್ಟಿಯನ್ನು ಶಾಲೆ ಗೋಡೆಗೆ ಅಂಟಿಸುತ್ತೇವೆ. ಟ್ರಾಲಿ ತರುವವರು ಹಿಂದಿನ ದಿನವೇ ತಿಳಿಸಿ. ಗೇಟು ಚಿಕ್ಕದು, ಹಿಂದಿನ ಕಡೆ ಬೇಲಿ ಬಿಚ್ಚಿ ದಾರಿ ಮಾಡಿಡಬೇಕು.