ಇರಾಕ್ ಪ್ರಧಾನಮಂತ್ರಿಗಳಿಗೆ ಬಹಿರಂಗ ಪತ್ರ: ಯಾಜಿದಿ ಹೆಣ್ಮಕ್ಕಳ ಹಾಡು ಅವರ ಊರಲ್ಲೇ ಉಳೀಲಿ

ಮಾನ್ಯ ಪ್ರಧಾನಮಂತ್ರಿಗಳೇ,

ನಾನು ಭಾರತದವಳು, ಕನ್ನಡದಲ್ಲಿ ಬರೀತಿದೀನಿ. ಇವಳಿಗ್ಯಾಕೆ ನಮ್ಮ ದೇಶದ ವಿಷಯ ಅನ್ನಬೇಡಿ, 2014ರಲ್ಲಿ ಮೊಸುಲ್ ಹತ್ರ ಐಸಿಸ್‌ನವರು ಹಿಡ್ಕೊಂಡು ಹೋಗಿ ಕೊಂದ ನಮ್ಮ 39 ಕೆಲಸಗಾರರ ಮನೆಯವರು 2018ರ ತನಕ ದಾರಿ ಕಾದಿದಾರೆ.

ಅದೇ 2014ರ ಆಗಸ್ಟ್ 15, ನಾವಿಲ್ಲಿ ಬಾವುಟ ಹಾರಿಸ್ತಿದ್ದ ದಿನ, ಅದೇ ಐಸಿಸ್‌ನವರು ಉತ್ತರ ಇರಾಕಿನ ಶಿಂಗಾಲ್ (ಸಿಂಜಾರ್) ಕಡೆ, ಯಾಜಿದಿ ಅನ್ನೋ ಚಿಕ್ಕ ಧಾರ್ಮಿಕ ಸಮುದಾಯದ ಕೋಚೊ ಹಳ್ಳಿ ಗಂಡಸರನ್ನ ಗುಂಡಿಟ್ಟು ಕೊಂದು, ಹೆಣ್ಮಕ್ಕಳನ್ನ ಸೋಲಾಗ್ ಅನ್ನೋ ಊರಿಗೆ ಸಾಗಿಸಿ, ಚಿಕ್ಕ ವಯಸ್ಸಿನೋರನ್ನ ಮಾರೋಕೆ ಅಂತ ಬೇರೆ ಮಾಡಿ, ವಯಸ್ಸಾದೋರನ್ನ ಅಲ್ಲೇ ಕೊಂದು ಹೂತುಬಿಟ್ರು. ಆಮೇಲೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಯಾಜಿದಿ ಹೆಣ್ಮಗಳು ನಾದಿಯಾ ಮುರಾದ್ ಅವರ ತಾಯೀನೂ ಅದರಲ್ಲಿದ್ರು. ನನಗೆ ತುಂಬಾ ಕಾಡೋದು ಇದೇ, ಯಾಕಂದ್ರೆ ಯಾಜಿದಿಗಳದ್ದು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದ ಸಂಪ್ರದಾಯ, ಹಿರಿಯರು ಹೋದ್ರೆ ಹಾಡೂ ಹೋಗುತ್ತೆ. ದೇವರ ಸ್ತುತಿ ಕವ್ಲ್ ಹಾಡೋರು ಕವ್ವಾಲ್ ಮನೆತನದ ಗಂಡಸರು, ಸರಿ, ಆದ್ರೆ ಸತ್ತೋರನ್ನ ನೆನೆದು ಅಳೋ ಹಾಡು ಹೆಂಗಸರದ್ದು. ಏಪ್ರಿಲ್‌ನ ಕೆಂಪು ಬುಧವಾರ ಹೊಸ ವರ್ಷಕ್ಕೆ ಮೊಟ್ಟೆಗೆ ಬಣ್ಣ ಹಾಕಿ, ಬಾಗಿಲ ಮೇಲೆ ಹಸಿ ಮಣ್ಣಲ್ಲಿ ಕೆಂಪು ಹೂವು, ಮೊಟ್ಟೆ ಚಿಪ್ಪು ಅಂಟಿಸ್ತಾರೆ. ಊರು ಬಿಟ್ಟು ನಿರಾಶ್ರಿತರ ಕ್ಯಾಂಪಿನ ಟೆಂಟಲ್ಲಿ ಇರೋರು ಎಲ್ಲಿಗೆ ಅಂಟಿಸ್ಬೇಕು ಹೇಳಿ?

ಇಷ್ಟಾದ್ರೂ ಆ ಹೆಣ್ಮಕ್ಕಳು ಬಿಟ್ಟುಕೊಟ್ಟಿಲ್ಲ. ಸೆರೆಯಿಂದ ತಪ್ಪಿಸ್ಕೊಂಡು ಬಂದೋರು ಯಾಜಿದಿಗಳ ಪುಣ್ಯಕ್ಷೇತ್ರ ಲಾಲಿಶ್‌ನ ಬಿಳಿ ಬುಗ್ಗೆ ನೀರಲ್ಲಿ ಮತ್ತೆ ದೀಕ್ಷೆ ತಗೊಂಡ್ರು, ಅವರನ್ನ ಒಳಗೆ ಕರ್ಕೊಳ್ಳಿ ಅಂತ ಹೇಳಿದ ಆಗಿನ ಧರ್ಮಗುರು ಬಾಬಾ ಶೇಖ್ ದೊಡ್ಡವರು. ಕ್ಯಾಂಪಿನ ಹುಡುಗೀರು ಸೇರಿ ಕಾಯರ್ ಕಟ್ಟಿ, ದಫ್ ಅನ್ನೋ ದೊಡ್ಡ ತಮಟೆ ಥರದ ವಾದ್ಯ ಕೈಗೆತ್ಕೊಂಡು ಬಾರಿಸ್ತಾ ಹಾಡಿದ್ರು, 2020ರಲ್ಲಿ ಬ್ರಿಟನ್‌ಗೂ ಹೋಗಿ ಬಂದ್ರು, ಯಾಜಿದಿ ಹಾಡುಗಳ ರೆಕಾರ್ಡಿಂಗ್ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಲೈಬ್ರರಿ ಸೇರ್ತು. ಖುಷಿ ವಿಷಯಾನೇ, ಆದ್ರೆ ಶಿಂಗಾಲ್ ಮಗು ತನ್ನಜ್ಜಿ ಹಾಡು ಕೇಳೋಕೆ ಆಕ್ಸ್‌ಫರ್ಡ್‌ಗೆ ಹೋಗಕ್ಕಾಗುತ್ತಾ?

2021ರಲ್ಲಿ ನಿಮ್ಮ ಸಂಸತ್ತು ಯಾಜಿದಿ ಸಂತ್ರಸ್ತೆಯರ ಕಾನೂನು ಪಾಸ್ ಮಾಡ್ತು, ನಡೆದಿದ್ದು ನರಮೇಧ ಅಂತ ಒಪ್ಕೊಳ್ತು, ತಿಂಗಳ ಸಂಬಳ, ಜಮೀನು ಕೊಡ್ತೀವಿ ಅಂತು. ಅದನ್ನ ನಾನು ಮನಸಾರೆ ಮೆಚ್ತೀನಿ. ಈಗ ಇನ್ನೊಂದು ಹೆಜ್ಜೆ ಇಡಿ. ಶಿಂಗಾಲ್‌ನಲ್ಲೇ ಒಂದು ಕಟ್ಟಡ ಕೊಡಿ, ಹಾಡು, ಕಸೂತಿ, ಹಬ್ಬದ ಪದ್ಧತಿ ಗೊತ್ತಿರೋ ಹೆಂಗಸರನ್ನ ಟೀಚರ್ ಅಂತ ನೇಮಿಸಿ ಸರ್ಕಾರಿ ಸಂಬಳ ಕೊಡಿ, ರೆಕಾರ್ಡ್ ಮಾಡಿದ್ದರ ಹಕ್ಕು ಅವರ ಹತ್ರಾನೇ ಇರ್ಲಿ, ಯಾವುದನ್ನ ಹೊರಗೆ ಹಾಡಬಹುದು ಯಾವುದನ್ನ ಬೇಡ ಅಂತ ಅವರೇ ಹೇಳ್ಲಿ. ಮನೆ, ನೀರು, ಸೆಕ್ಯುರಿಟಿ ಇಲ್ದೆ ಕ್ಯಾಂಪ್ ಮುಚ್ಚಿ ವಾಪಸ್ ಹೋಗಿ ಅನ್ನಬೇಡಿ. ವಯಸ್ಸಾದೋರು ಇನ್ನೂ ಕೆಲವರು ಇದಾರೆ, ದಯವಿಟ್ಟು ಈ ವರ್ಷವೇ ಶುರು ಮಾಡಿ.

ಇಂತಿ,
ಒಬ್ಬ ಕನ್ನಡತಿ