ಹುಲಿ ಕೋಣೆ ಇರುವ ಮನೆ

ಪ್ರಿಯ ಸೀನ,

ಚೀನಾದ ಶೆನ್ಯಾಂಗ್‌ಗೆ ಬಂದು ಮೂರು ವಾರ ಆಯ್ತು. ಭಾನುವಾರ ರೂಮಲ್ಲಿ ಕೂತು ಬೇಜಾರಾಗಿ ಹಳೇ ಅರಮನೆ ನೋಡಲು ಹೊರಟೆ. ಅಲ್ಲಿ ಜಾತ್ರೆಯಷ್ಟು ಜನ. ಹತ್ತಿರದಲ್ಲೇ ಜಾಂಗ್ ಜುವೊಲಿನ್ ಮನೆ ಇದೆ, ಈಗ ಮ್ಯೂಸಿಯಂ. ಸುಮ್ನೆ ಒಳಗೆ ಹೋದವನು ಸಂಜೆವರೆಗೂ ಅಲ್ಲೇ ಇದ್ದೆ.

ಈ ಜಾಂಗ್ ಬಡವರ ಮನೆ ಹುಡುಗ. ಕಳ್ಳರ ಗುಂಪು ಕಟ್ಟಿ, ಆಮೇಲೆ ಸೈನ್ಯ ಸೇರಿ, ಕೊನೆಗೆ ಚೀನಾದ ಈಶಾನ್ಯ ಭಾಗವಾದ ಇಡೀ ಮಂಚೂರಿಯಾವನ್ನೇ ಮುಷ್ಟಿಯಲ್ಲಿ ಇಟ್ಟುಕೊಂಡವನು. ಮನೆ ಕಟ್ಟಲು ಶುರು ಮಾಡಿದ್ದು 1914ರಲ್ಲಿ. ಮುಂಭಾಗ ನಮ್ಮ ತೊಟ್ಟಿಮನೆ ಥರವೇ, ಅಂಗಳದ ಸುತ್ತ ಕೋಣೆಗಳು. ಆದರೆ ಅಂಗಳ ಒಂದಲ್ಲ, ಒಂದರ ಹಿಂದೊಂದು ಮೂರು. ಆರು ಜನ ಹೆಂಡಿರಿದ್ದರಂತೆ, ಜಾಗ ಬೇಕಲ್ವಾ! ಅದರ ಪಕ್ಕದಲ್ಲೇ ಯುರೋಪಿನಿಂದ ಎತ್ತಿ ತಂದು ಇಟ್ಟಂತಿರುವ ಮೂರಂತಸ್ತಿನ ಬೂದು ಇಟ್ಟಿಗೆಯ ಕಟ್ಟಡ. ಎರಡಕ್ಕೂ ಒಂದಕ್ಕೊಂದು ಹೊಂದಿಕೆಯೇ ಇಲ್ಲ. ನನಗೆ ಅಷ್ಟೇನೂ ಹಿಡಿಸಲಿಲ್ಲ.

ಹಿಡಿಸಿದ್ದು ತೋಟದಲ್ಲಿರುವ ಎರಡಂತಸ್ತಿನ ಪುಟ್ಟ ಮನೆ. ಐದನೇ ಹೆಂಡತಿಗೆಂದು ಕಟ್ಟಿಸಿದ್ದು. 1928ರ ಜೂನ್ 4ರ ಬೆಳಗಿನ ಜಾವ ಜಾಂಗ್ ಬೀಜಿಂಗಿನಿಂದ ರೈಲಿನಲ್ಲಿ ವಾಪಸ್ ಬರುತ್ತಿದ್ದಾಗ, ಊರು ಮುಟ್ಟುವ ಹೊತ್ತಿಗೆ ಜಪಾನಿ ಸೇನಾಧಿಕಾರಿಗಳು ಬಾಂಬ್ ಇಟ್ಟು ಉಡಾಯಿಸಿದರು. ಹೊತ್ತು ತಂದು ಮಲಗಿಸಿದ್ದು ಈ ಮನೆಯಲ್ಲೇ. ಕೆಲವೇ ಗಂಟೆಗಳಲ್ಲಿ ಜೀವ ಹೋಯ್ತು.

ಸುದ್ದಿ ಹೊರಬಿದ್ದರೆ ಜಪಾನಿಯರು ನುಗ್ಗುತ್ತಾರೆ. ಮಗ ಇನ್ನೂ ದೂರದಲ್ಲಿದ್ದಾನೆ. ಹಾಗಾಗಿ ಮನೆಯವರು ಯಾರೂ ಅಳಲಿಲ್ಲ. ಸತ್ತವನಿಗೆ ಹೊತ್ತು ಹೊತ್ತಿಗೆ ಊಟ ಹೋಗುತ್ತಿತ್ತು. ಡಾಕ್ಟರು ದಿನಾ ಬಂದು ಔಷಧಿ ಚೀಟಿ ಬರೆಯುತ್ತಿದ್ದರು. ವಿಚಾರಿಸಿಕೊಳ್ಳುವ ನೆಪದಲ್ಲಿ ಜಪಾನಿ ಹೆಂಗಸರು ಬಂದರೆ, ಐದನೇ ಹೆಂಡತಿ ಚೆನ್ನಾಗಿ ಅಲಂಕಾರ ಮಾಡಿಕೊಂಡು ಬಂದು ನಗುನಗುತ್ತಾ ಮಾತಾಡಿ ಕಳಿಸುತ್ತಿದ್ದಳು. ಎರಡು ವಾರಕ್ಕೂ ಜಾಸ್ತಿ ದಿನ ನಡೆಯಿತು ಈ ನಾಟಕ. ಆ ಕೋಣೆ ಎಷ್ಟು ಚಿಕ್ಕದು ಗೊತ್ತಾ? ನನಗೆ ಆ ಹೆಂಗಸಿನ ಮುಖದ ಪೌಡರೇ ಕಣ್ಣಿಗೆ ಕಟ್ಟುತ್ತಿತ್ತು.

ಇನ್ನೊಂದು ವಿಷಯ. ಚೀನೀಯರ ಪಂಚಾಂಗವೂ ಚಂದ್ರನ ಲೆಕ್ಕದ್ದು. ಆ ಲೆಕ್ಕದಲ್ಲಿ ಅಪ್ಪ ಸತ್ತ ದಿನವೇ ಮಗ ಜಾಂಗ್ ಶುವೆಲಿಯಾಂಗನ ಹುಟ್ಟಿದ ದಿನ. ಆಮೇಲೆ ಅವನು ಹುಟ್ಟುಹಬ್ಬದ ದಿನವನ್ನೇ ಬದಲಾಯಿಸಿಕೊಂಡ.

ದೊಡ್ಡ ಕಟ್ಟಡದ ಕೆಳ ಅಂತಸ್ತಿನಲ್ಲಿ ಹುಲಿ ಕೋಣೆ ಇದೆ. ಒಣಹುಲ್ಲು ತುಂಬಿದಂಥ ಎರಡು ಹುಲಿ ನಿಂತಿವೆ, ಸೋಫಾ ಹಾಕಿದ್ದಾರೆ. 1929ರ ಜನವರಿ 10ರ ರಾತ್ರಿ, ಅಪ್ಪನ ಕಾಲದ ಜನರಲ್ ಯಾಂಗ್ ಯುಟಿಂಗ್ ಮತ್ತು ಅವನ ಜೊತೆಗಾರನನ್ನು, ಅಪ್ಪನ ಜಾಗಕ್ಕೆ ಬಂದಿದ್ದ ಮಗ ಇಲ್ಲೇ ಗುಂಡಿಟ್ಟು ಕೊಲ್ಲಿಸಿದ. ರೈಲ್ವೆಯ ಯಾವುದೋ ಕಾಗದಕ್ಕೆ ಸಹಿ ಹಾಕು ಅಂತ ಅವರು ಜುಲುಮೆ ಮಾಡಿದ್ದರು. ಊಟ ಆದ ಮೇಲೆ ನೋಡೋಣ ಅಂದನಂತೆ. ಕೊಲ್ಲೋದೋ ಬೇಡವೋ ಅಂತ ಮೊದಲೇ ಬೆಳ್ಳಿ ನಾಣ್ಯ ಚಿಮ್ಮಿಸಿ ನೋಡಿದ್ದ ಅನ್ನೋ ಕಥೆಯೂ ಇದೆ. ಆಗ ಅವನಿಗೆ 27 ವರ್ಷ. ನಾವು 27ರಲ್ಲಿ ಬೈಕ್ ಸಾಲದ ಕಂತು ಕಟ್ಟುತ್ತಾ ಇದ್ವಿ.

ಮುಂದಿನ ಕಥೆ ನಿನಗೆ ಗೊತ್ತಿರಬಹುದು. 1931ರಲ್ಲಿ ಜಪಾನಿಯರು ಊರು ಹಿಡಿದಾಗ ಅವನು ಇಲ್ಲಿರಲಿಲ್ಲ, ಮನೆ ಅವರ ಪಾಲಾಯ್ತು. 1936ರ ಡಿಸೆಂಬರಿನಲ್ಲಿ, ಮೊದಲು ಜಪಾನಿನ ಮೇಲೆ ಯುದ್ಧ ಮಾಡು ಅಂತ ಶಿಯಾನ್ ಊರಲ್ಲಿ ಆಗಿನ ಚೀನಾದ ನಾಯಕ ಚಿಯಾಂಗ್ ಕೈ ಶೆಕ್‌ನನ್ನೇ ಹಿಡಿದಿಟ್ಟ. ಆಮೇಲೆ ಅವನನ್ನು ಬಿಡುಗಡೆ ಮಾಡಿ, ತಾನೇ ಅವನ ಜೊತೆ ವಿಮಾನ ಹತ್ತಿ ಹೋಗಿ ಸೆರೆಯಾದ. ಅರ್ಧ ಶತಮಾನ ಗೃಹಬಂಧನ. ಜೊತೆಗಿದ್ದವಳು ಅವನ ಪ್ರೇಯಸಿ ಜಾವೊ ಯಿದಿ. ಹೆಂಡತಿ ಒಪ್ಪದೇ ಇದ್ದದ್ದಕ್ಕೆ ಅವಳನ್ನು ಇಟ್ಟಿದ್ದ ಮನೆ ಕಾಂಪೌಂಡಿನ ಗೋಡೆಗೆ ಹೊರಗಡೆ ಇದೆ, ಅದನ್ನೂ ನೋಡಬಹುದು. ಅವರ ಮದುವೆ ಆದದ್ದು 1964ರಲ್ಲಿ, ತೈವಾನಿನಲ್ಲಿ!

ಹೊರಗೆ ಬಂದರೆ ಎದುರಿಗೇ ಮಗನ ಪ್ರತಿಮೆ. ಯೂನಿಫಾರಂ ಹಾಕಿದ ಎಳೇ ಪ್ರಾಯದವನು. ಸತ್ತದ್ದು 2001ರಲ್ಲಿ, ಹವಾಯಿಯಲ್ಲಿ, ನೂರು ದಾಟಿದ ಮೇಲೆ. ಬಿಡುಗಡೆ ಆದ ಮೇಲೂ ಈ ಮನೆ ನೋಡಲು ಬರಲೇ ಇಲ್ಲ. ಹುಡುಗಿಯೊಬ್ಬಳು ಪ್ರತಿಮೆ ಕಾಲ ಹತ್ತಿರ ಐಸ್‌ಕ್ರೀಂ ತಿನ್ನುತ್ತಾ ಕೂತಿದ್ದಳು.

ಫೋಟೋ ಕಳಿಸ್ತೀನಿ. ಅಮ್ಮನಿಗೆ ಕೇಳಿದೆ ಅಂತ ಹೇಳು.

ನಿನ್ನ,
ಮಂಜ