ಹೊಸ ಬಡಾವಣೆಗಳಿಗೂ ಒಂದು ಸಂತೆಕಟ್ಟೆ ಬೇಕು

ಮಾನ್ಯ ಸಂಪಾದಕರೇ,

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ರಸ್ತೆ, ಉದ್ಯಾನ, ಬೀದಿದೀಪಗಳಿಗೆ ಜಾಗ ಗುರುತಿಸುವಂತೆಯೇ ಸೊಪ್ಪು-ತರಕಾರಿ ಮಾರುವವರಿಗೂ ಸಂಜೆಯ ತಿಂಡಿ ಗಾಡಿಗಳಿಗೂ ಜಾಗ ಗುರುತಿಸಬೇಕೆಂದು ಮಹಾನಗರ ಪಾಲಿಕೆಯನ್ನೂ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರವನ್ನೂ ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಪತಿಯ ವರ್ಗಾವಣೆಯಿಂದಾಗಿ ಈಚೆಗೆ ಈ ಊರಿಗೆ ಬಂದು ನೆಲೆಸಿದವಳು ನಾನು. ಹೊಸಬರಿಗೆ ಊರಿನ ಪರಿಚಯ ಮೊದಲು ಆಗುವುದು ಪೇಟೆಯಲ್ಲಿ. ನನಗೂ ಹಾಗೆಯೇ ಆಯಿತು.

ರೈಲು ಹಳಿ ದಾಟಿ ಕೆ.ಆರ್. ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ, ಸುತ್ತಲ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಗೋಣಿತಾಟು ಹಾಸಿ, ಮೆಂತ್ಯ, ಸಬ್ಬಸಿಗೆ, ಪುಂಡಿಪಲ್ಯ, ಹಕ್ಕರಿಕೆಯ ಕಟ್ಟುಗಳನ್ನು ಒದ್ದೆ ಬಟ್ಟೆಯಡಿ ಜೋಡಿಸಿಕೊಂಡು ಕುಳಿತಿರುತ್ತಾರೆ. ಹಕ್ಕರಿಕೆಯನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಸಾರಿಗೋ ಪಲ್ಯಕ್ಕೋ ಎಂದು ಕೇಳಿದಾಗ, ಮಾರುತ್ತಿದ್ದ ಅಜ್ಜಿ ಕಟ್ಟಿನಿಂದ ಎರಡು ಎಲೆ ಕಿತ್ತು ಕೈಗಿಟ್ಟು, “ಇದನ್ನ ಬೇಯಿಸಬ್ಯಾಡ್ರಿ ಅಕ್ಕಾರೆ, ಹಸೀದೇ ರೊಟ್ಟಿ ಜೊತಿ ತಿನ್ರಿ” ಎಂದು ಹೇಳಿಕೊಟ್ಟರು. ಭದ್ರಾ ನಾಲೆಗೆ ನೀರು ಬಿಟ್ಟರೇ, ಮೆಕ್ಕೆಜೋಳದ ಧಾರಣೆ ಏನಾಯಿತು, ದುಗ್ಗಮ್ಮನ ಜಾತ್ರೆ ಈ ವರ್ಷವೋ ಮುಂದಿನ ವರ್ಷವೋ ಎಂಬುದೆಲ್ಲ ನನಗೆ ತಿಳಿದುಬಂದದ್ದು ಇಂಥ ವ್ಯಾಪಾರದ ನಡುವೆಯೇ ಹೊರತು ಫೋನಿನಲ್ಲಿ ತರಕಾರಿ ತರಿಸಿಕೊಂಡಾಗಲ್ಲ.

ಇಲ್ಲಿನ ತಿನಿಸುಗಳ ವಿಷಯವೂ ಇದಕ್ಕೆ ಸೇರಿದ್ದೇ. ನಾಲೆಯ ನೀರಿನಲ್ಲಿ ಬೆಳೆದ ಭತ್ತ ಅಕ್ಕಿಯಾಗಿ ಭಟ್ಟಿಗಳಿಗೆ ಬರುತ್ತದೆ. ಭಟ್ಟಿಯ ಕೆಲಸಗಾರರು ಬಿಸಿ, ಹೊಗೆ ಸಹಿಸಿ ಅದನ್ನು ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುತ್ತಾರೆ. ಅದೇ ಮಂಡಕ್ಕಿ ಸಂಜೆ ಗಾಡಿಗಳಲ್ಲಿ ಒಗ್ಗರಣೆ ಹಾಕಿಸಿಕೊಂಡು, ಬಿಸಿ ಮೆಣಸಿನಕಾಯಿ ಬಜ್ಜಿಯ ಜೊತೆ ಕಾಗದದ ಮೇಲೆ ನಮ್ಮ ಕೈಗೆ ಬರುತ್ತದೆ. ಸೌದೆ ಒಲೆಯ ಮೇಲೆ ಬೇಯುವ ಬೆಣ್ಣೆ ದೋಸೆಯ ಹಿಟ್ಟಿಗೂ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಸೇರಿಸಿ ರುಬ್ಬುವುದು ಇಲ್ಲಿನ ವಾಡಿಕೆ. ದೋಸೆಯ ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಅರಿಸಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ ಮತ್ತು ಕಾಯಿಚಟ್ನಿ: ಇವಿಷ್ಟಕ್ಕಾಗಿ ದೂರದಿಂದ ಬರುವವರಿದ್ದಾರೆ. ಊರಿಗೆ ಹೆಸರು ತಂದ ಈ ತಿನಿಸಿನ ಹಿಂದೆ ಗದ್ದೆಯಿಂದ ಗಾಡಿಯವರೆಗೆ ಎಷ್ಟೊಂದು ಮನೆಗಳ ಅನ್ನ ಅಡಗಿದೆ ಎಂಬುದನ್ನು ನಾವು ಗಮನದಲ್ಲಿಡಬೇಕು.

ಆದರೆ ನಾನು ವಾಸಿಸುವ ಕಡೆ, ಹಾಗೆಯೇ ಊರಂಚಿನಲ್ಲಿ ಬೆಳೆಯುತ್ತಿರುವ ಇತರ ಬಡಾವಣೆಗಳಲ್ಲಿ, ಇವರಿಗೆ ನಿಲ್ಲಲು ನೆಲೆಯಿಲ್ಲ. ಅಗಲವಾದ ರಸ್ತೆಗಳಿವೆ, ಬೇಲಿ ಹಾಕಿದ ಉದ್ಯಾನಗಳಿವೆ, ಆದರೆ ಒಂದು ಕಟ್ಟು ಕೊತ್ತಂಬರಿ ಬೇಕೆಂದರೆ ಹಳೇ ಪೇಟೆಗೇ ಹೋಗಬೇಕು. ವಯಸ್ಸಾದವರಿಗೆ ಸೊಪ್ಪಿನ ಬೆಲೆಗಿಂತ ಆಟೋ ಬಾಡಿಗೆಯೇ ಹೆಚ್ಚಾಗುತ್ತದೆ. ತಳ್ಳುಗಾಡಿಯವರು ಬಂದರೂ ರಸ್ತೆಯ ತಿರುವಿನಲ್ಲೋ ಪಾದಚಾರಿ ಮಾರ್ಗದ ಮೇಲೋ ನಿಲ್ಲಬೇಕಾಗುತ್ತದೆ. ನಡೆಯುವವರು ವಾಹನಗಳ ನಡುವೆ ಇಳಿಯಬೇಕಾಗುತ್ತದೆ. ನಮ್ಮ ಬೀದಿಯಲ್ಲಿ ಬುಟ್ಟಿ ಇಳಿಸಿದ ಹೆಂಗಸೊಬ್ಬರನ್ನು ಒಂದು ಮನೆಯವರು ಗೇಟಿನ ಮುಂದಿನಿಂದ ಎಬ್ಬಿಸಿದರು, ಮುಂದಿನ ಮನೆಯವರೂ ಎಬ್ಬಿಸಿದರು. ಕೊನೆಗೆ ಅವರು ಬಿಸಿಲಿನಲ್ಲಿ, ಟ್ರಾನ್ಸ್‌ಫಾರ್ಮರ್ ಕಂಬದ ಬುಡದಲ್ಲಿ ಕುಳಿತು ವ್ಯಾಪಾರ ಮಾಡಿದರು. ಎಬ್ಬಿಸಿದವರೇ ಆಮೇಲೆ ಅಲ್ಲಿಗೆ ಹೋಗಿ ಟೊಮೆಟೊ ಕೊಂಡದ್ದನ್ನು ನೋಡಿ ನನಗೆ ಬಹಳ ಬೇಸರವಾಯಿತು. ಮನೆಯ ಮುಂದೆ ಕಸ ಬೀಳುತ್ತದೆ, ವಾಹನ ನಿಲ್ಲಿಸಲು ಆಗುವುದಿಲ್ಲ ಎಂಬ ನಿವಾಸಿಗಳ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಆ ದೂರಿಗೂ ಪರಿಹಾರ ಜಾಗ ಗುರುತಿಸುವುದೇ.

ಇದು ಯಾರೋ ದಯೆಯಿಂದ ಕೊಡಬೇಕಾದ ಸೌಲಭ್ಯವೇನಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಹಾಗೂ ಬೀದಿ ವ್ಯಾಪಾರ ನಿಯಂತ್ರಣಕ್ಕೆಂದೇ 2014ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಪ್ರತಿ ನಗರದಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಆ ಪೈಕಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು, ತೆರವುಗೊಳಿಸುವ ಮುನ್ನ 30 ದಿನಗಳ ನೋಟಿಸ್ ಕೊಡಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ವಶಪಡಿಸಿಕೊಂಡ ಸರಕು ಬೇಗ ಕೆಡುವಂಥದ್ದಾದರೆ, ವ್ಯಾಪಾರಿ ಕೇಳಿ ಬಂದ ದಿನವೇ ಹಿಂದಿರುಗಿಸಬೇಕೆಂಬುದೂ ಅದರಲ್ಲಿದೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯ 20 ನಗರಗಳಲ್ಲಿ ದಾವಣಗೆರೆಯೂ ಒಂದು. ಅಂಥ ನಗರದಲ್ಲಿ ಸೊಪ್ಪು ಮಾರುವವರಿಗೆ ನೆರಳಿನ ಒಂದು ಕಟ್ಟೆ ಹೊಂದಿಸುವುದು ಕಷ್ಟದ ಕೆಲಸವಾಗಲಾರದು.

ಹೊಸ ಬಡಾವಣೆಗಳಿಗೆ ಅನುಮೋದನೆ ನೀಡುವಾಗ ಬಿಡಿಸಿಕೊಳ್ಳುವ ನಾಗರಿಕ ಸೌಲಭ್ಯ (ಸಿ.ಎ.) ನಿವೇಶನಗಳಲ್ಲಿ ಒಂದನ್ನಾದರೂ ಸಂತೆಗೆಂದು ಉಳಿಸಬಹುದು. ನಿವೇಶನ ಸಿಗದ ಕಡೆ, ವಾಹನ ಸಂಚಾರ ಕಡಿಮೆಯಿರುವ ಒಂದು ರಸ್ತೆಬದಿಯನ್ನು ಬೆಳಿಗ್ಗೆ 6ರಿಂದ 10ರವರೆಗೆ ತರಕಾರಿಯವರಿಗೆ, ಸಂಜೆ ಮಂಡಕ್ಕಿ-ಮೆಣಸಿನಕಾಯಿ ಗಾಡಿಗಳಿಗೆ ಬಿಟ್ಟುಕೊಟ್ಟರೂ ಸಾಕು. ಅಲ್ಲಿ ನೀರಿನ ನಲ್ಲಿ, ಹಸಿ ಕಸಕ್ಕೆ ಬೇರೆ ಡಬ್ಬ ಮತ್ತು ಒಂದು ದೀಪವಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಮಹಿಳೆಯರಿಗೆ ಶೌಚಾಲಯವಿರಲಿ: ಕೋಳಿ ಕೂಗುವ ಹೊತ್ತಿಗೆ ಹಳ್ಳಿ ಬಿಟ್ಟವರು ಬುಟ್ಟಿ ಖಾಲಿಯಾಗುವವರೆಗೆ ನೀರು ಕುಡಿಯದೆ ಕುಳಿತಿರುತ್ತಾರೆ ಎಂಬುದನ್ನು ಅವರ ಪಕ್ಕ ಹತ್ತು ನಿಮಿಷ ಕುಳಿತು ಮಾತನಾಡಿದ ಯಾರಿಗಾದರೂ ಗೊತ್ತಾಗುತ್ತದೆ.

ಪಟ್ಟಣ ವ್ಯಾಪಾರ ಸಮಿತಿಯ ಸಭೆಯಲ್ಲಿ ಹೊಸ ಬಡಾವಣೆಗಳ ವಿಷಯವನ್ನು ಕೈಗೆತ್ತಿಕೊಂಡು, ಗುರುತಿಸಿದ ಜಾಗಗಳ ಪಟ್ಟಿಯನ್ನು ಆಯಾ ವಾರ್ಡಿನ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸಿ, ನಿವಾಸಿಗಳನ್ನೂ ವ್ಯಾಪಾರಿಗಳನ್ನೂ ಒಟ್ಟಿಗೆ ಕೂರಿಸಿಕೊಂಡು ಅವರ ಅಭಿಪ್ರಾಯವನ್ನು ಕೇಳಬೇಕೆಂದು ಪಾಲಿಕೆಯ ಆಯುಕ್ತರಲ್ಲಿ ವಿನಂತಿಸುತ್ತೇನೆ. ಅಂಥ ಸಭೆ ಕರೆದರೆ ನಮ್ಮ ಬೀದಿಯಿಂದ ನಾನು ಬರುತ್ತೇನೆ, ನೆರೆಹೊರೆಯವರನ್ನೂ ಕರೆತರುತ್ತೇನೆ.

ಇತಿ,
ಓದುಗಳೊಬ್ಬಳು
ದಾವಣಗೆರೆ